ಮರಿ ನಡೆದಷ್ಟೇ ದಾರಿ

ಮಳೆಯಲ್ಲಿ ನೆಂದ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಮೊನ್ನೆ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಮುದುಕರೊಬ್ಬರ ಹೆಗಲಿನಿಂದ ಆ ವಾಸನೆ ಎದ್ದಾಗ ಮುಂದಿನ ಸೀಟಿನ ಹುಡುಗಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಕಿಟಕಿಯ ಕಡೆಗಿದ್ದ ಮುಖವನ್ನು ಈ ಕಡೆ ತಿರುಗಿಸಿ ನಿಧಾನವಾಗಿ ಉಸಿರೆಳೆದುಕೊಂಡೆ. ಉಣ್ಣೆ, ಅದಕ್ಕೆ ಹಾಕಿದ ಹುಣಸೆಬೀಜದ ಗಂಜಿ, ಒಲೆಯ ಹೊಗೆ, ಬೀಡಿ, ಇವೆಲ್ಲ ಕೂಡಿ ಹುಳಿಯಾದ ಒಂದು ಬೆಚ್ಚನೆಯ ವಾಸನೆ ಅದು. ಅದರ ಹಿಂದೆಯೇ ಹರಿಯಬ್ಬೆ ಊರಿನ ನಮ್ಮ ಮನೆ ನೆನಪಿಗೆ ಬಂತು. ಸಗಣಿ ಸಾರಿಸಿದ ಪಡಸಾಲೆ, ಹಿತ್ತಲಿನ ಜಾಲಿಮುಳ್ಳಿನ ಬೇಲಿಯ ಒಳಗೆ ಕುರಿಗಳ ರೊಪ್ಪ, ಸಂಜೆ ಮಂದೆ ಬಂದಾಗ ಬಾಗಿಲಿಗೆ ತೆರೆ ಕಟ್ಟಿದಂತೆ ಏಳುತ್ತಿದ್ದ ಧೂಳು, ಆ ಧೂಳಿನೊಳಗಿಂದ ತಾಯಿಗಳನ್ನು ಕರೆಯುವ ಮರಿಗಳ ಕೂಗು. ಈಗ ಅಲ್ಲಿ ಮನೆಯಿಲ್ಲ. ರೊಪ್ಪವಿದ್ದ ಜಾಗದಲ್ಲಿ ಯಾರೋ ಇಟ್ಟಿಗೆ ಒಟ್ಟಿದ್ದಾರೆ.

ವಿಶ್ವವಿದ್ಯಾಲಯದಲ್ಲಿ ಓದಿದ ದಿನಗಳಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ಆಧಾರವೇನು ಎಂದು ಕೇಳುತ್ತೇನೆ. ಹೇಳುವವನು ನಾನೇ ಆಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳುತ್ತೇನೆ. ಎಪ್ಪತ್ತರ ದಶಕದಲ್ಲಿ, ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ನಾವೆಲ್ಲ ಕೂಡಿ ಮಾಡಿದ ಆ ಒಂದೇ ರೈಲು ಪ್ರವಾಸದ ಬಗ್ಗೆ ನನ್ನಲ್ಲಿರುವ ಚಿತ್ರಗಳನ್ನು ಹಾಗೆಯೇ ಜಾಲಾಡಿದ್ದೇನೆ. ಎಷ್ಟೋ ಉದುರಿಹೋದವು. ಉದಾಹರಣೆಗೆ, ಗದಗಿನ ಬೀದಿಯೊಂದು ನನ್ನ ಕಣ್ಣಿಗೆ ಕಟ್ಟಿದೆ, ಮಗ್ಗದ ಸದ್ದಿನ ಸಮೇತ. ನಾನು ಗದಗಿಗೆ ಹೋಗಲೇ ಇಲ್ಲ. ಅವ್ವ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಂಡಂತೆ ಮಾಡಿಕೊಂಡಿದ್ದೇನೆ. ಆದರೂ ಹುಬ್ಬಳ್ಳಿಯ ಆ ಒಂದು ಹಗಲು ಮಾತ್ರ ಎಷ್ಟು ಜಾಲಾಡಿದರೂ ಉದುರುತ್ತಿಲ್ಲ.

ಅಪ್ಪ ಹಿರಿಯೂರಿನಲ್ಲಿ ಗುಮಾಸ್ತರಾಗಿದ್ದರು. ಅಜ್ಜ, ಅಪ್ಪನ ಅಪ್ಪ, ಜೀವಮಾನವಿಡೀ ಕುರಿಮಂದೆಯ ಹಿಂದೆ ನಡೆದವರು. ಮಕ್ಕಳು ನಾವು ನಾಲ್ವರು: ದೊಡ್ಡವಳು ಸರೋಜಕ್ಕ, ಆಮೇಲೆ ನಾನು, ತಮ್ಮ ತಿಪ್ಪೇಶ, ಇನ್ನೂ ಅವ್ವನ ಸೊಂಟ ಬಿಡದಿದ್ದ ಪುಟ್ಟಿ. ಆ ಬೇಸಿಗೆಯಲ್ಲಿ ಅಪ್ಪನಿಗೆ ಒಂದು ವಾರದ ರಜೆ ಸಿಕ್ಕಿತ್ತು. ಮಕ್ಕಳಿಗೆ ರೈಲು ತೋರಿಸುತ್ತೇನೆ, ನಾಲ್ಕು ಊರು ತೋರಿಸುತ್ತೇನೆ ಎಂದು ಅಪ್ಪ ಹೊರಟರು. ಅವ್ವನಿಗೆ ಬೇಕಾಗಿದ್ದುದು ನಾಲ್ಕು ಊರಲ್ಲ, ಒಂದೇ ಊರು. ಅವಳ ತಂಗಿ ಗೌರಮ್ಮನನ್ನು ಗದಗಿನ ಮಗ್ಗದ ಮನೆಯೊಂದಕ್ಕೆ ಕೊಟ್ಟಿದ್ದರು. ಮದುವೆಯ ಮರುವರ್ಷವೇ ಅಕ್ಕತಂಗಿಯರ ತಂದೆತಾಯಿ ಇಬ್ಬರೂ ತೀರಿಕೊಂಡರು. ತವರೆಂದರೆ ಅಕ್ಕ ಒಬ್ಬಳೇ ಎಂದಾಯಿತು. ಗೌರಮ್ಮನ ಎರಡು ಬಸಿರು ನಿಲ್ಲಲಿಲ್ಲ ಎಂಬ ಸುದ್ದಿ ಬಂದಾಗಲೂ ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜಿಯನ್ನು ಬಿಟ್ಟು ಅವ್ವ ಹೋಗುವಂತಿರಲಿಲ್ಲ. ತವರಿನವರು ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತುಂಬಿ ಕಳಿಸಬೇಕು, ಅದು ನಮ್ಮ ಕಡೆಯ ಪದ್ಧತಿ. ಗೌರಮ್ಮನ ಮಡಿಲು ಮದುವೆಯಾದಂದಿನಿಂದ ಬರಿದಾಗಿಯೇ ಇತ್ತು. ಈಗ ಅಜ್ಜಿಯೂ ತೀರಿಕೊಂಡಿದ್ದರು. ಅವ್ವ ಬಾಯಿಬಿಟ್ಟು ಕೇಳಲಿಲ್ಲ. ಹೊಸ ಅಕ್ಕಿಯನ್ನು ಎರಡು ಸಲ ಹಸನು ಮಾಡಿದಳು, ಅಷ್ಟೆ.

ಪ್ರವಾಸದ ಏರ್ಪಾಡು ನಡೆದದ್ದು ಪಡಸಾಲೆಯ ನೆಲದ ಮೇಲೆ, ಕಡ್ಲೆಕಾಯಿಗಳನ್ನು ಸಾಲಾಗಿ ಇಟ್ಟುಕೊಂಡು. ಒಂದೊಂದು ಕಾಯಿ ಒಂದೊಂದು ಊರು. ಅಪ್ಪ ಜೋಡಿಸುತ್ತಾ ಹೋದರು: ಚಿತ್ರದುರ್ಗ, ದಾವಣಗೆರೆ, ಹರಿಹರ, ಹುಬ್ಬಳ್ಳಿ, ಗದಗ, ಹೊಸಪೇಟೆ, ಹಂಪಿ. ಜಗತ್ತು ಇಷ್ಟು ಉದ್ದವಿದೆಯೆಂದು ನಾನು ಮೊದಲು ಕಂಡದ್ದು ಆ ಸಾಲಿನಲ್ಲಿಯೇ. ಅಜ್ಜ ಕಂಬಳಿ ಹೊದ್ದು ಗೋಡೆಗೊರಗಿ ನೋಡುತ್ತಿದ್ದರು.

"ಇಷ್ಟೂ ಊರು ಯಾರು ನಡೀತಾರಪ್ಪ?"

"ನಡೆಯೋದ್ಯಾಕೆ, ರೈಲು ನಡೀತೈತೆ," ಎಂದರು ಅಪ್ಪ.

"ರೈಲು ನಡೀತೈತೆ. ಒಳಗಿರೋ ಮರಿ ಅಳ್ತೈತೆ, ಉಚ್ಚೆ ಹೊಯ್ತೈತೆ, ನಿದ್ದಿಗೆ ರಚ್ಚೆ ಹಿಡೀತೈತೆ. ಅದಕ್ಕೆ ಯಾವ ಸಿಗ್ನಲ್ಲು ಐತೆ? ಮರಿ ನಡೆದಷ್ಟೇ ಮಂದೆ ದಾರಿ ಕಣಪ್ಪ. ದಿನಕ್ಕೊಂದೇ ಗಾಡಿ. ಇಳಿದ ಊರಾಗೆ ಒಂದು ರಾತ್ರಿ."

ಅಜ್ಜ ಅಲ್ಲಿಯವರೆಗೆ ರೈಲು ಹತ್ತಿದವರಲ್ಲ. ಅಪ್ಪ ಅದನ್ನು ನೆನಪಿಸಿ ನಕ್ಕರು. ಹಿಂದೆಯೇ ತಾವೊಂದು ಹಂಚಿಕೆ ಹೂಡಿದರು: ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಯೇ ರೈಲು ಹತ್ತಿದರೆ ಗಾಡಿ ಬದಲಾಯಿಸುವ ಗೋಳಿರುವುದಿಲ್ಲ.

"ಅದು ಹೆಸರಿಗೆ ಹೊಸದುರ್ಗ ರೋಡು," ಎಂದರು ಅಜ್ಜ. "ಊರು ಒಂದ್ಕಡೆ, ಟೇಸನ್ನು ಒಂದ್ಕಡೆ. ಆ ದಾರೀಲಿ ಕುರಿ ಹೊಡ್ಕಂಡು ಹೋಗೀನಿ, ಹಗಲೆಲ್ಲಾ ಹಿಡಿದಿತ್ತು. ನಿನ್ನ ಪುಟ್ಟಿ ನಡೀತಾಳಾ ಕೇಳು."

ಈಗ ನಗುವ ಸರದಿ ಅಜ್ಜನದು. ಕೊನೆಗೆ ಚಿತ್ರದುರ್ಗದಲ್ಲಿ ಹತ್ತುವುದು, ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರಿನಲ್ಲಿ ಇಳಿದು ಹುಬ್ಬಳ್ಳಿಯ ಕಡೆಯ ಗಾಡಿ ಹಿಡಿಯುವುದು ಎಂದಾಯಿತು. ಆ ಬದಲಾವಣೆಯೊಂದನ್ನು ಬಿಟ್ಟು ದಿನಕ್ಕೊಂದೇ ಗಾಡಿ ಎಂದು ಎಣಿಸಿದರೆ ರಜೆ ಮುಗಿಯುವುದರೊಳಗೆ ಹಂಪಿ ಮುಟ್ಟುವಂತಿರಲಿಲ್ಲ. "ಹಂಪಿ ಇಲ್ಲ," ಎಂದು ಅಪ್ಪ ಹೇಳುವಷ್ಟರಲ್ಲಿ ತಿಪ್ಪೇಶ ಹಂಪಿಯನ್ನು ಸುಲಿದು ಬಾಯಿಗೆ ಹಾಕಿಕೊಂಡಿದ್ದ. ಹೊಸಪೇಟೆಯನ್ನು ಸರೋಜಕ್ಕ ತಿಂದಳು. ಸಾಲಿನಿಂದ ಯಾರೂ ತೆಗೆಯದಿದ್ದರೂ ಪುಟ್ಟಿ ಹರಿಹರವನ್ನು ಸಿಪ್ಪೆ ಸಮೇತ ಅಗಿದಳು. ಆಮೇಲೆ, ಅಲ್ಲಿಯವರೆಗೆ ಮಕ್ಕಳನ್ನು ಎಳೆದಾಡುವುದು ಕಷ್ಟವೆಂದು, ಅಪ್ಪ ಗದಗನ್ನೂ ಎತ್ತಿಕೊಂಡರು. ತಿನ್ನಲಿಲ್ಲ, ಕೈಯಲ್ಲಿಯೇ ಹಿಡಿದುಕೊಂಡಿದ್ದರು. ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಅಜ್ಜ ಅಡುಗೆಮನೆಯ ಬಾಗಿಲನ್ನೊಮ್ಮೆ ನೋಡಿದರು. "ಕುರಿ ದೂರ ಮೇಯಕ್ಕೋಗೋ ದಿನ ಎಳೆಮರಿ ಕರ್ಕಂಡು ಹೋಗ್ತೀವೇನು? ರೊಪ್ಪದಾಗೆ ಬಿಟ್ಟು, ಕಾಯಕ್ಕೊಬ್ಬನ್ನ ಕುಂಡ್ರಿಸಿ ಹೋಗ್ತೀವಿ. ಸಂಜಿಗೆ ತಾಯಿ ತಾನೇ ಓಡಿ ಬರ್ತೈತೆ. ಹುಬ್ಬಳ್ಳೀಲಿ ಮರಿ ನಾ ಕಾಯ್ತೀನಿ. ನೀನೂ ನಿನ್ನೆಂಡ್ತೀನೂ ಬೆಳಿಗ್ಗೆ ಗದಗಿಗೆ ಹೋಗಿ ಸಂಜಿಗೆ ಬರ್ರಿ."

ಅವ್ವ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದಳು. "ಪುಟ್ಟಿ ಇರ್ತಾಳಾ ಮಾವ?"

"ನೂರಾರು ಮರಿ ಇದ್ದಾವೆ ನನ್ತಾವ. ಇವಳೊಬ್ಬಳು ಇರಲ್ಲೇನವ್ವ," ಎಂದರು ಅಜ್ಜ. ಅಪ್ಪ ಗದಗನ್ನು ಮತ್ತೆ ಸಾಲಿನ ಕೊನೆಯಲ್ಲಿ ಇಟ್ಟರು.

ಮಂದೆಯನ್ನು ಅಜ್ಜನ ತಮ್ಮನ ಮಕ್ಕಳಿಗೆ ಒಪ್ಪಿಸಿ ಹೊರಟೆವು. ಚಿತ್ರದುರ್ಗದ ಸ್ಟೇಷನ್ನಿನಲ್ಲಿ ಅಜ್ಜ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಡಬ್ಬಿ ಹತ್ತಿದರು, ಯಾರ ಮನೆಗೋ ಹೋದವರಂತೆ. ಹತ್ತುವ ಮೊದಲು ಎಂಜಿನ್ನಿನವರೆಗೆ ನಡೆದು ಹೋಗಿ, ಅದರ ಮುಂದೆ ಬಹಳ ಹೊತ್ತು ನಿಂತು ಬಂದಿದ್ದರು. "ಉಸಿರಾಡ್ತೈತೆ ಕಣ್ಲೇ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಲ್ಲುಬೆಟ್ಟಗಳು ಹಿಂದಕ್ಕೆ ಸರಿಯತೊಡಗಿದಾಗ ನನಗೆ ರೈಲು ಓಡುತ್ತಿದೆಯೆನಿಸಲಿಲ್ಲ. ಭೂಮಿಯನ್ನೇ ಯಾರೋ ಕಂಬಳಿಯಂತೆ ಮೆಲ್ಲಗೆ ಎಳೆಯುತ್ತಿದ್ದಾರೆ ಎನಿಸಿತು. ದಾವಣಗೆರೆಯಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ, ಹುಬ್ಬಳ್ಳಿಯಲ್ಲಿ ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಒಂದು ರಾತ್ರಿ. ಅಜ್ಜ ಹೇಳಿದಂತೆಯೇ ನಾವು ಅತ್ತೆವು, ಹಸಿದೆವು, ಮಲಗಿ ಎದ್ದೆವು. ಯಾರೂ ಜ್ವರ ಬಂದು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಅವ್ವ ಗದಗಿನ ಗಾಡಿ ಹತ್ತಬೇಕು. ನಮ್ಮನ್ನು ಛತ್ರದಲ್ಲಿಯೇ ಬಿಡಬಹುದಿತ್ತು. ಅಜ್ಜ ಒಪ್ಪಲಿಲ್ಲ. ತಾಯಿ ಬಿಟ್ಟುಹೋದ ಜಾಗದಲ್ಲಿಯೇ ಮರಿ ಇರಬೇಕು, ಬಂದಾಗ ಅಲ್ಲಿಯೇ ಸಿಗಬೇಕು. ಹಾಗಾಗಿ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿದ್ದ ಬೇವಿನ ಮರದ ಕೆಳಗೆ ಕಂಬಳಿ ಹಾಸಿದರು. ಗಾಳಿ ಬೀಸುತ್ತಿತ್ತು. ಕಂಬಳಿ ಮಡಿಚಿಕೊಳ್ಳದಂತೆ, ನಮಗೆ ಗಡಿಯೂ ಕಾಣುವಂತೆ, ನಾಲ್ಕು ಮೂಲೆಗೆ ನಮ್ಮ ಸಾಮಾನಿನ ನಾಲ್ಕು ಗಂಟು ಇಟ್ಟರು. "ಇದೇ ರೊಪ್ಪ. ಈ ಗಂಟು ದಾಟಿದ ಮರಿ ತೋಳನ ಪಾಲು," ಎಂದರು. ಗಾಡಿ ಸಿಳ್ಳು ಹಾಕಿತು. ಅವ್ವ ಪುಟ್ಟಿಯ ಕಣ್ಣು ತಪ್ಪಿಸಿ ಓಡಿ ಹತ್ತಿದಳು.

ಆ ಹಗಲು ನಾನು ಕಂಡಷ್ಟು ರೈಲುಗಳನ್ನು ಆಮೇಲೆ ಎಂದೂ ಕಾಣಲಿಲ್ಲ. ಕಪ್ಪು ಎಂಜಿನ್ನುಗಳು ಬೆವರುತ್ತಾ ಬಂದವು, ಹೊಗೆ ಬೇವಿನ ಎಲೆಗಳ ನಡುವೆ ಸುತ್ತಿ ಹೋಯಿತು, ಯಾವ ಯಾವುದೋ ಊರಿನ ಜನ ನಮ್ಮ ಮುಂದೆ ಇಳಿದರು, ಹತ್ತಿದರು. ನಾವು ಕಂಬಳಿ ದಾಟಲಿಲ್ಲ. ಕೋಲು ಅಡ್ಡ ಇಟ್ಟುಕೊಂಡು ಕುಳಿತಿದ್ದ ಅಜ್ಜನ ಸುತ್ತ ಇಡೀ ಲೋಕವೇ ಮಂದೆಯಾಗಿ ಹಾಯುತ್ತಿದೆಯೆಂದು ನನಗೆ ತೋರುತ್ತಿತ್ತು. ಪುಟ್ಟಿ ರಚ್ಚೆ ಹಿಡಿದಾಗ ಅಜ್ಜ ಮರಿಗಳನ್ನು ಕರೆಯುವ ಸದ್ದನ್ನು ನಾಲಿಗೆಯ ತುದಿಯಲ್ಲಿ ಮಾಡಿದರು. ಅವಳು ಅಳು ನಿಲ್ಲಿಸಿ ಅವರ ಬಾಯನ್ನೇ ನೋಡುತ್ತಾ ನಿದ್ದೆ ಹೋದಳು.

ಊಟದ ಹೊತ್ತಿಗೆ ತಿಪ್ಪೇಶ ಬೆಲ್ಲ ಬೇಕೆಂದು ಒಂದು ಮೂಲೆಯ ಗಂಟು ಬಿಚ್ಚಿದ. ಒಳಗೆ ಅಕ್ಕಿ, ಎರಡು ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಹಸಿರು ಕುಪ್ಪಸದ ಕಣ. ಅಜ್ಜ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು.

"ಇದು ಅವ್ವನ ಗಂಟಲ್ವಾ ಅಜ್ಜ, ಚಿಕ್ಕವ್ವನ ಮಡ್ಲಕ್ಕಿ," ಎಂದಳು ಸರೋಜಕ್ಕ.

ಅಜ್ಜ ರೊಪ್ಪಕ್ಕೆ ಮೂಲೆ ಹುಡುಕುವ ಆತುರದಲ್ಲಿ ಕೈಗೆ ಸಿಕ್ಕ ಗಂಟನ್ನು ಇಟ್ಟಿದ್ದರು. ಪುಟ್ಟಿಯನ್ನು ಬಿಟ್ಟುಹೋಗುವ ಸಂಕಟದಲ್ಲಿ ಅವ್ವ ಅದನ್ನು ನೋಡಿರಲಿಲ್ಲ. ಇಷ್ಟು ವರ್ಷಗಳ ಮೇಲೆ ತಂಗಿಯ ಬಾಗಿಲಿಗೆ, ತವರಿನವಳಾಗಿ, ಬರಿಗೈಯಲ್ಲಿ ಹೋಗಿದ್ದಳು. ಅಜ್ಜ ಎದ್ದು ನಿಂತು ಹಳಿಗಳ ಕಡೆ ನೋಡಿದರು, ಗಂಟನ್ನು ನೋಡಿದರು, ನಮ್ಮ ನಾಲ್ವರನ್ನು ನೋಡಿದರು, ಮತ್ತೆ ಕುಳಿತರು. ಮರಿ ಬಿಟ್ಟು ಹೋಗುವಂತಿರಲಿಲ್ಲ. ಆಮೇಲೆ ಸಂಜೆಯವರೆಗೂ ಅವರು ರೊಟ್ಟಿ ಮುಟ್ಟಲಿಲ್ಲ. ಮುದುಕ ಬೇಕೆಂದೇ ಗಂಟು ಉಳಿಸಿಕೊಂಡಿತ್ತು ಎಂದು ಸರೋಜಕ್ಕ ಈಗ ನಗುತ್ತಾಳೆ. ನಾನು ಒಪ್ಪುವುದಿಲ್ಲ. ಆ ಮುಖವನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ.

ಬಿಸಿಲು ಹಳದಿಗೆ ತಿರುಗಿದಾಗ ಗದಗಿನ ಗಾಡಿ ಬಂತು. ಡಬ್ಬಿಯಿಂದ ಅಪ್ಪ ಇಳಿದರು, ಹಿಂದೆ ಅವ್ವ ಇಳಿದಳು. ಅವಳ ಹಿಂದೆ ಇನ್ನೊಬ್ಬ ಅವ್ವ ಇಳಿದಳು. ಅದೇ ಎತ್ತರ, ಅದೇ ಓರೆ ಬೈತಲೆ, ಸೆರಗನ್ನು ಬಲಗೈಯಲ್ಲಿ ಹಿಡಿಯುವ ಅದೇ ರೀತಿ. ಒಬ್ಬಳೇ ಹೋಗಿ ಇಬ್ಬರಾಗಿ ಬಂದಳೆಂದುಕೊಂಡೆ. ಹೋಲಿಕೆ ಅಷ್ಟೇನೂ ಇರಲಿಲ್ಲ, ಚಿಕ್ಕವ್ವ ತೆಳ್ಳಗಿದ್ದಳು, ಕಪ್ಪಗಿದ್ದಳು ಎಂದು ಸರೋಜಕ್ಕ ವಾದಿಸುತ್ತಾಳೆ. ಇರಬಹುದು. ಆದರೆ ನಾನೊಬ್ಬನೇ ಮೋಸಹೋದವನಲ್ಲ. ಅಜ್ಜ ಕೋಲು ಸರಿಸಿ "ಹೋಗ್ರಲೇ" ಎಂದದ್ದೇ ತಡ, ಪುಟ್ಟಿ ಕಂಬಳಿ ದಾಟಿ ಓಡಿದಳು. ಅವ್ವನ ಪಕ್ಕದಿಂದಲೇ ಹಾದು ಹೋಗಿ ಚಿಕ್ಕವ್ವನ ಮೊಣಕಾಲು ಅಪ್ಪಿಕೊಂಡಳು. ಚಿಕ್ಕವ್ವ ಕದಲದೆ ನಿಂತಳು. ಎತ್ತಿಕೊಳ್ಳಬಹುದೇ ಎಂದು ಕೇಳುವಂತೆ ಅಕ್ಕನ ಮುಖ ನೋಡಿದಳು. ಅವ್ವ ತಲೆಯಾಡಿಸಿದಳು.

ಅಜ್ಜ ಗಂಟು ಹಿಡಿದು ಎದ್ದು ಬಂದರು. "ತಪ್ಪಾತವ್ವ," ಎಂದರು ಸೊಸೆಗೆ.

"ಆಗಿದ್ದು ಒಳ್ಳೇದೇ ಆತು ಬಿಡ್ರಿ ಮಾವ," ಎಂದಳು ಅವ್ವ. "ಗಂಟು ಹಿಡ್ಕಂಡು ಹೋಗಿದ್ರೆ ಅಲ್ಲೇ ಹಾಕಿ ಬರ್ತಿದ್ದೆ. ಮಡ್ಲಕ್ಕಿ ಹುಬ್ಬಳ್ಳೀಲಿ ಉಳೀತು, ತಗಳ್ಳಕ್ಕೆ ಇವಳೇ ಬರಬೇಕು ಅಂದೆ. ಮಡ್ಲಕ್ಕಿ ಅಂದ್ಮೇಲೆ ಅವಳತ್ತೆ ಬ್ಯಾಡ ಅನ್ನಂಗಿಲ್ಲ. ಮಕ್ಕಳ್ನ ನೋಡಿದಂಗೂ ಆತು."

ಅಷ್ಟು ದೂರದಲ್ಲಿ ಚಿಕ್ಕವ್ವನ ಗಂಡ ಟೀ ಲೋಟ ಹಿಡಿದು, ನಮ್ಮ ಕಡೆ ನೋಡದ ಹಾಗೆ ನೋಡುತ್ತಾ ನಿಂತಿದ್ದ. ಬಂದ ಗಾಡಿಯೇ ತಿರುಗಿ ಗದಗಿಗೆ ಹೊರಡುವುದಿತ್ತು, ಅದರಲ್ಲಿಯೇ ಅವರೂ ಹೋಗಬೇಕು. ಚಿಕ್ಕವ್ವನನ್ನು ಕಂಬಳಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಪುಟ್ಟಿ ಅವಳ ತೊಡೆ ಬಿಟ್ಟು ಇಳಿಯಲಿಲ್ಲ. ಮಡಿಲಿನಲ್ಲಿ ಮಗು ಇರುವಾಗಲೇ ಅವ್ವ ಅದರ ಸುತ್ತ ಸೆರಗು ಹರಡಿ ಬೊಗಸೆ ಬೊಗಸೆ ಅಕ್ಕಿ ಸುರಿದಳು, ಕೊಬ್ಬರಿ ಇಟ್ಟಳು, ಹಸಿರು ಕಣ ಇಟ್ಟಳು. ಪುಟ್ಟಿ ಅಕ್ಕಿಯಲ್ಲಿ ಕೈಯಾಡಿಸಿ ನಕ್ಕಳು. ಮೂಟೆ ಹೊತ್ತ ಹಮಾಲರಿಬ್ಬರು ಕಂಬಳಿಯನ್ನು ಬಳಸಿ ನಡೆದರು.

ಅಕ್ಕ ತಂಗಿ ಮತ್ತೆ ಭೇಟಿಯಾಗಲಿಲ್ಲ. ಮುಂದಿನ ಹೆರಿಗೆಯಲ್ಲಿ ಚಿಕ್ಕವ್ವ ಹೋದಳು, ಮಗುವೂ ಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಅಜ್ಜ, ಅಪ್ಪ, ಅವ್ವ. ಅವ್ವ ಇದ್ದಾಗ ಒಮ್ಮೆ ಕೇಳಿದ್ದೆ, ಚಿಕ್ಕವ್ವ ನಿಜವಾಗಿ ಹುಬ್ಬಳ್ಳಿಗೆ ಬಂದಿದ್ದಳೋ, ನಾನೇ ಕಟ್ಟಿಕೊಂಡೆನೋ ಎಂದು. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಓದಿ ಓದಿ ನಿಂಗೆ ಇದೂ ಅನುಮಾನನಾ? ಬಂದಿದ್ಲು ಕಣೋ," ಎಂದಳು.

ಬಂದಿದ್ದಳು. ಗಾಡಿ ಹೊರಡುವ ಹೊತ್ತಾಯಿತೆಂದು ಅವಳ ಗಂಡ ಕೆಮ್ಮಿದ. ಚಿಕ್ಕವ್ವ ಸೆರಗಿನ ಅಕ್ಕಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಎದ್ದಳು. ಪುಟ್ಟಿ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಮುಷ್ಟಿಯಲ್ಲಿ ಅವಳ ಕುಪ್ಪಸದ ತೋಳು ಹಿಡಿದುಕೊಂಡು. ಅವ್ವ ಮಗುವನ್ನು ಇಳಿಸಿಕೊಳ್ಳಲು ಎರಡೂ ಕೈ ಚಾಚಿದಳು. ಅಜ್ಜ ಆ ಕೈಗಳಿಗೆ ತಮ್ಮ ಕೋಲನ್ನು ಮೆಲ್ಲಗೆ ಅಡ್ಡ ಹಿಡಿದರು.

"ಇರ್ಲಿ ಬಿಡವ್ವ," ಎಂದರು. "ಗಾಡಿ ಇನ್ನೂ ನೀರು ಕುಡೀತೈತೆ."

ನಾವೆಲ್ಲ ತಿರುಗಿ ನೋಡಿದೆವು. ಎಂಜಿನ್ನಿನ ಬೆನ್ನಿಗೆ ಸೊಂಡಿಲಿನಂಥ ಕೊಳವೆಯಿಂದ ನೀರು ಬೀಳುತ್ತಿತ್ತು. ಎಷ್ಟು ಹೊತ್ತಾದರೂ ಅದು ತುಂಬಲಿಲ್ಲ.