ಎರಡನೆಯ ಲೋಟ

ನರ್ಸ್ ಬಾಯಮ್ಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳಿನಿಂದಲೇ ಉಳಿದ ಬೆರಳುಗಳ ಗೆರೆ ಎಣಿಸಿ ಅವರು ಸಿದ್ಧಕಟ್ಟೆಯ ಬಸುರಿಯರಿಗೆಲ್ಲ ಹೆರಿಗೆಯ ದಿನ ಹೇಳುತ್ತಿದ್ದರು. ಬಂಟರಿರಲಿ, ಬ್ಯಾರಿಗಳಿರಲಿ, ಲೆಕ್ಕ ಮಾತ್ರ ಯೇಸುವಿನ ತಾಯಿ ಮರಿಯಮ್ಮನ ಹಬ್ಬಗಳದ್ದೇ. ಒಬ್ಬಳಿಗೆ ಫೆಬ್ರವರಿಯ ಮೇಣದಬತ್ತಿ ಹಬ್ಬದ ಹೊತ್ತಿಗೆ, ಇನ್ನೊಬ್ಬಳಿಗೆ ಲೂರ್ದ್ ಮಾತೆಯ ಹಬ್ಬ ಕಳೆದು ವಾರಕ್ಕೆ. ನಾವು ನಕ್ಕರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಡಿಸೆಂಬರ್ ಎಂಟಕ್ಕೆ ಮರಿಯಮ್ಮ ಅವರ ತಾಯಿಯ ಹೊಟ್ಟೆಗೆ ಬಂದದ್ದು, ಸೆಪ್ಟೆಂಬರ್ ಎಂಟಕ್ಕೆ ಹುಟ್ಟಿದ್ದು. ಸರೀ ಒಂಬತ್ತು ತಿಂಗಳು. ನಿಮ್ಮ ಡಾಕ್ಟರಿಗೆ ಇಷ್ಟು ಸರಿಯಾಗಿ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಮದುವೆಯಾಗಿ ಏಳು ವರ್ಷಕ್ಕೆ ನಾನು ಬಸುರಿಯಾದಾಗ ಅವರ ಹೆಬ್ಬೆರಳು ಸೆಪ್ಟೆಂಬರ್ ಎಂಟಕ್ಕೇ ಬಂದು ನಿಂತಿತು. ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ, ಹೊಸ ಭತ್ತದ ತೆನೆ ಚರ್ಚಿನಿಂದ ಅವರ ಮನೆಗೆ ಬರುವ ದಿನ. ಬಾಯಮ್ಮನ ಸಂಭ್ರಮ ಹೇಳತೀರದು. ಹೆಣ್ಣೇ ಎಂದು ತಾವೇ ತೀರ್ಮಾನಿಸಿಬಿಟ್ಟರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಮಗು ಮಿಸುಕಲಿಲ್ಲ. ಅದೂ ಮಾತೆಯ ಹಬ್ಬವೇ, ಮರಿಯಮ್ಮನನ್ನು ದೇವರು ಸ್ವರ್ಗಕ್ಕೆ ಎತ್ತಿಕೊಂಡ ದಿನವಂತೆ. ಪೂಜೆ ಮುಗಿಸಿ ಹಬ್ಬದ ಸೀರೆಯಲ್ಲೇ ಓಡಿ ಬಂದ ಬಾಯಮ್ಮ ಮಗುವಿನ ಎದೆಬಡಿತಕ್ಕಾಗಿ ನನ್ನ ಹೊಟ್ಟೆಗೆ ಕೊಳವೆ ಇಟ್ಟು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಪಕ್ಕದ ಶಾಲೆಯ ಮೈಕಿನಲ್ಲಿ ದೇಶಭಕ್ತಿಯ ಹಾಡು ಹಾಕಿದ್ದರು. ಅದನ್ನೊಮ್ಮೆ ನಿಲ್ಲಿಸಲು ಹೇಳಿ ಎಂದು ನನ್ನ ಗಂಡನನ್ನು ಓಡಿಸಿದರು. ಹಾಡು ನಿಂತಿತು. ಆಗಲೂ ಅವರಿಗೆ ಏನೂ ಕೇಳಲಿಲ್ಲ.

ಮೂಡುಬಿದಿರೆಯ ಆಸ್ಪತ್ರೆಯಲ್ಲೂ ಎದೆಬಡಿತವಿಲ್ಲ ಎಂದೇ ಹೇಳಿದರು. ಹೆಣ್ಣೇ ಆಗಿತ್ತು. "ನನ್ನಿಂದ ಎಂತ ಮಾಡ್ಲಿಕ್ಕೂ ಆಗ್ಲಿಲ್ಲ ಮಗಾ" ಎಂದು ಬಾಯಮ್ಮ ನನ್ನ ಕಾಲ ಬಳಿ ಕುಳಿತೇ ಇದ್ದರು.

ಸೆಪ್ಟೆಂಬರ್ ಎಂಟಕ್ಕೆ ನಮ್ಮ ಮನೆಗೆ ಬಂದರು. ಹೊಸ ಅಕ್ಕಿಯ ಪಾಯಸ, ಎರಡು ಲೋಟ. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಲೆಕ್ಕ ಇನ್ನೂ ಮುಗಿಯಲಿಲ್ವಾ?"

"ಮನೆಯಲ್ಲಿ ಇಲ್ಲದವರಿಗೂ ಇವತ್ತು ಪಾಲು ತೆಗೆದಿಡ್ತೇವೆ ನಾವು. ಅವಳದ್ದನ್ನು ನಾನು ಯಾರಿಗೆ ಕೊಡ್ಲಿ, ಹೇಳು."

ಇಬ್ಬರೂ ಅತ್ತೆವು. ಎರಡನೆಯ ಲೋಟವನ್ನು ಏನು ಮಾಡುವುದೆಂದು ತಿಳಿಯದೆ ಕೊನೆಗೆ ನಾನೇ ಕುಡಿದೆ.

ಮತ್ತೆ ನನಗೆ ಮಕ್ಕಳಾಗಲಿಲ್ಲ. ಮನೆಯವರು ಅವಳ ಸುದ್ದಿಯನ್ನೇ ಎತ್ತುವುದಿಲ್ಲ, ನನಗೆ ಬೇಸರವಾದೀತೆಂದು. ಎತ್ತದಿರುವುದೇ ಬೇಸರವೆಂದು ಬಾಯಮ್ಮನಿಗೆ ಮಾತ್ರ ಗೊತ್ತಿತ್ತು. ಪ್ರತಿ ಮೊಂತಿ ಹಬ್ಬಕ್ಕೂ ಎರಡು ಲೋಟ ತಂದು, ಹೆಬ್ಬೆರಳಿನಿಂದ ಗೆರೆ ಎಣಿಸುತ್ತಿದ್ದರು. "ಈ ವರ್ಷ ಐದನೇ ಕ್ಲಾಸು ಅಲ್ವಾ ಅವಳಿಗೆ?" ಎಂದದ್ದು ಹೋದ ವರ್ಷ.

ಈ ಜುಲೈಯಲ್ಲಿ ಬಾಯಮ್ಮ ತೀರಿಕೊಂಡರು. ಹಬ್ಬದ ದಿನ ಅವರ ಸೊಸೆ ಪಾಯಸ ತಂದಳು, ಒಂದೇ ಪುಟ್ಟ ಲೋಟ. ಪಾಪ, ಅವಳಿಗೆ ಗೊತ್ತಿರಲಿಲ್ಲ, ಹೇಳಲು ನನಗೂ ಬಾಯಿ ಬರಲಿಲ್ಲ. ಅವಳು ಹೋದ ಮೇಲೆ ಅದನ್ನು ಮೂರು ಲೋಟಕ್ಕೆ ಸುರಿದೆ. ಮೂರರಲ್ಲೂ ತಳ ಮುಚ್ಚುವಷ್ಟೇ ಬಂತು.