ಬಾಗಿಲ ಮರೆಯಿಂದ ಕೊಟ್ಟ ಉತ್ತರ

ಕಾಲಿನ ಬೇನೆಗೆ ಡಾಕ್ಟರು, ಹಾಸಿಗೆಯ ಬೇನೆಗೆ ಹಕೀಮರು; ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರ ಮುಂದೆ ಆಡಬಾರದು. ನನ್ನ ಗಂಡನ ಮನೆಯ ರಿವಾಜು ಇದು. ಎರಡನೆಯ ಮಹಾಯುದ್ಧಕ್ಕೂ ಮೊದಲಿನ ಮಾತು.

ನನ್ನ ಗಂಡ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮದುವೆಯಾದ ಮೊದಲ ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಕಣ್ಣು ಮಂಜಾಗಿ ತಾನೇ ತಿಳಿಯಾಯಿತು. ಕಾಲು ಎಡವತೊಡಗಿದವು, ಮೂತ್ರ ತಡೆಯಲಾಗುತ್ತಿರಲಿಲ್ಲ. ಅದರ ಜೊತೆಗೇ ಗಂಡಸುತನವೂ ಕೈಕೊಟ್ಟಿತು. ಡಾಕ್ಟರು ಕಾಲು ನೋಡಿ ವಾತ ಎಂದರು. ಇವರು ಗುಟ್ಟಾಗಿ ಹೋಗಿ ಕಂಡ ಹಕೀಮರು ಕಾಲು ನೋಡದೆ ಪುಡಿ ಕೊಟ್ಟರು. ಅತ್ತೆ ನನ್ನನ್ನು ಬಂಜೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವರಿಗೆ ಎರಡನೆಯ ಮದುವೆ ಮಾಡಲು ಗಬ್ಬೂರಿನ ಕಡೆ ಒಂದು ಹುಡುಗಿಯನ್ನೂ ನೋಡಿಟ್ಟರು. ಗಂಡಸನ್ನು ಪರೀಕ್ಷೆ ಮಾಡಲು ಇನ್ನೊಬ್ಬಳನ್ನು ತಂದು ನೋಡುವುದೊಂದೇ ನಮ್ಮವರಿಗೆ ಗೊತ್ತಿದ್ದ ಉಪಾಯ. ಮದುವೆಗೆ ಮೊದಲು ಧಾರವಾಡದ ಹಿರಿಯ ಡಾಕ್ಟರಿಗೊಮ್ಮೆ ತೋರಿಸೋಣ ಎಂದು ನಾನು ಗೋಗರೆದೆ. ಇವರ ಅಣ್ಣ, ನನ್ನ ಭಾವನವರು, ನಮ್ಮನ್ನು ಕರೆದುಕೊಂಡು ಹೋದರು.

ಡಾಕ್ಟರು ಇವರನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಇವರು ತೂರಾಡಿದರು. ಅಂಗಾಲಿಗೆ ಕೀಲಿಕೈಯಿಂದ ಗೀರಿದರು, ಹೆಬ್ಬೆರಳು ಮೇಲೆದ್ದಿತು. ಮೂತ್ರದ ಮಾತು ಕೇಳಿದರು. ಕೊನೆಗೆ, ಬೆಳಿಗ್ಗೆ ಏಳುವಾಗಲಾದರೂ ಅಂಗ ತಾನಾಗಿ ಎದ್ದಿರುತ್ತದೆಯೇ ಎಂದರು. ಅಣ್ಣನ ಎದುರು ತಮ್ಮ ಬಾಯಿ ತೆರೆಯುವಂತಿಲ್ಲ. ಎಲ್ಲ ಬರೋಬ್ಬರಿ ಇದೆ ಎಂದು ಭಾವನವರೇ ಉತ್ತರಿಸಿಬಿಟ್ಟರು, ತಾವೇ ಆ ಹಾಸಿಗೆಯಲ್ಲಿ ಮಲಗಿದ್ದವರ ಹಾಗೆ.

ಡಾಕ್ಟರು ನಾನು ಮರೆಯಲ್ಲಿ ನಿಂತಿದ್ದ ಬಾಗಿಲ ಕಡೆ ತಿರುಗಿದರು. "ತಾಯಿ, ನೀವು ಹೇಳ್ರಿ. ಇದರ ಮ್ಯಾಲ ರೋಗ ಗುರ್ತು ಹಿಡಿಯೂದೈತಿ."

"ರಾತ್ರಿನೂ ಇಲ್ರಿ, ಮುಂಜಾನಿನೂ ಇಲ್ರಿ," ಎಂದೆ. "ಕಾಲು ಸೋತಾಗಿಂದ ಇಲ್ಲ."

ಮನಸ್ಸಿನ ದೋಷವಾಗಿದ್ದರೆ ಬೆಳಿಗ್ಗೆಯಾದರೂ ಇರುತ್ತಿತ್ತು, ಇದು ಬೆನ್ನುಹುರಿಯ ನರದ ರೋಗ ಎಂದು ಅವರು ತಿಳಿಸಿ ಹೇಳಿದರು. ಕಣ್ಣು, ಕಾಲು, ಮೂತ್ರ, ಇದು, ಎಲ್ಲವೂ ಆ ಒಂದೇ ರೋಗ. ಔಷಧವಿಲ್ಲ. ಹೆಂಡತಿಯದೇನೂ ತಪ್ಪಿಲ್ಲ. ಗಂಡನಿಗೆ ವಾಸಿಯಾಗದ ರೋಗ ಎಂದು ಕೇಳಿಯೂ ನನಗೆ ಆ ಗಳಿಗೆ ಖುಷಿಯಾಯಿತು.

ಮನೆಗೆ ಬಂದು ಭಾವನವರು ಅರ್ಧವನ್ನಷ್ಟೇ ಹೇಳಿದರು: ಕಾಲಿನ ನರ ಸೋತಿವೆ, ಎತ್ತಿ ಕೂರಿಸಲು ಇನ್ನೆರಡು ಕೈ ಬೇಕು. ಉಳಿದರ್ಧವನ್ನು ನಾನೇ ಅತ್ತೆಗೆ ಹೇಳಿದೆ. ಸವತಿ ಬರುತ್ತಾಳೆಂಬ ಹೊಟ್ಟೆಕಿಚ್ಚಿಗೆ ಗಂಡನ ಮಾನ ಕಳೆಯುತ್ತಿದ್ದೀಯಾ ಎಂದು ಜರೆದರು. ಇವರು ತಲೆ ತಗ್ಗಿಸಿ ಕೂತಿದ್ದರು. ಆ ತಗ್ಗಿದ ತಲೆಗೇ ಬಾಸಿಂಗ ಕಟ್ಟಿದರು.

ಮರುವರ್ಷ ಅತ್ತೆ ಆ ಹುಡುಗಿಗೆ ಮಕ್ಕಳಾಗಲೆಂದು ಕಹಿ ಕಷಾಯ ಕುಡಿಸತೊಡಗಿದರು. ಒಂದು ದಿನ ಅಡುಗೆಮನೆಯಲ್ಲಿ ಅವಳ ಕೈ ಹಿಡಿದು, ಕುಡಿಯಬೇಡ, ನಿನ್ನದೇನೂ ತಪ್ಪಿಲ್ಲ ಎಂದೆ.

"ಗೊತ್ತೈತಿ ಅಕ್ಕಾ," ಎಂದಳು. "ಕುಡಿಲಿಲ್ಲಂದ್ರ ಯಾಕಂತ ಕೇಳ್ತಾರ. ಏನಂತ ಹೇಳ್ಲಿ?"

ಮೂಗು ಹಿಡಿದು ಕಷಾಯದ ವಾಟಗ ಬರಿದು ಮಾಡಿದಳು.