ಸಮ್ಮೇಲಿಯ ರೌತು ಜಾಗ

ಸಮ್ಮೇಲಿಯ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಕ್ಯಾಲೆಂಡರ್ ನೋಡದೆ ತಿಂಗಳು ಹೇಳಬಹುದು ಎನ್ನುತ್ತಿದ್ದಳು ಹೆಲ್ಮಿ. ಜನವರಿಯಲ್ಲಿ ಮಾದೆ ಮೀನಿನ ಈಲಿ ಬೇಯುವ ವಾಸನೆ. ಜೂನ್‌ನಲ್ಲಿ ಹಿಮ ಒಡೆದು ನೀರು ಕಂಡ ಮೇಲೆ, ಜೊಂಡಿನೊಳಗಿಂದ ಹಿಡಿದು ತಂದ ಹೌಕಿ ಮೀನಿನ ಕೆಸರು ವಾಸನೆ. ಆಗಸ್ಟ್‌ನಲ್ಲಿ ಹೊಗೆಗೆ ಹಿಡಿದ ಟ್ರೌಟ್ ಮೀನು. ಅಕ್ಟೋಬರ್ ಬಂತೆಂದರೆ ಉಪ್ಪು, ಉಪ್ಪು, ಬರೀ ಉಪ್ಪು. ಬಾಗಿಲಿನವರೆಗೂ ಸೀಕ ಮೀನಿನ ಪೀಪಾಯಿಗಳು. ರೌತು ಮೀನಿಗೆ ಮಾತ್ರ ವಾಸನೆಯೇ ಇರಲಿಲ್ಲ. ಅದನ್ನು ಸಮ್ಮೇಲಿ ಬೇಯಿಸುತ್ತಿರಲಿಲ್ಲ. ತೆಳ್ಳಗೆ ಸೀಳಿ, ಉಪ್ಪು ಸವರಿ, ಒಂದು ರಾತ್ರಿ ನೆಲಮಾಳಿಗೆಯಲ್ಲಿಟ್ಟು, ರೈ ರೊಟ್ಟಿಯ ಮೇಲೆ ಹರಡಿಕೊಂಡು ತಿನ್ನುತ್ತಿದ್ದ. ವರ್ಷಕ್ಕೆ ಎರಡೋ ಮೂರೋ ಸಲ, ಜುಲೈನಲ್ಲಿ. ಒಂದು ಪಾಲನ್ನು ಬಟ್ಟೆಯಲ್ಲಿ ಸುತ್ತಿ ತಾನೆಲಿಯ ಮನೆಗೆ ತಂದುಕೊಟ್ಟು, ಕೂರದೆ ಹೊರಟುಹೋಗುತ್ತಿದ್ದ.

ತಾನೆಲಿ ಹೆಲ್ಮಿಯ ಗಂಡ. ಉತ್ತರದ ಹಿಮನಾಡಿನ ಇನಾರಿ ಸರೋವರದ ಅದೇ ಕೊಲ್ಲಿಯಲ್ಲಿ, ಸಮ್ಮೇಲಿಯ ಮನೆಗೆ ಎದುರು ದಡದಲ್ಲಿ ಅವನ ಮನೆ. ಸೀಕದ ಬಲೆಗೆ ಇಬ್ಬರು ಬೇಕು, ಒಬ್ಬ ಹುಟ್ಟು ಹಾಕಲು, ಒಬ್ಬ ಬಲೆ ಎಳೆಯಲು. ಮೂವತ್ತೊಂದು ವರ್ಷ ತಾನೆಲಿ ಹುಟ್ಟು ಹಾಕಿದ, ಸಮ್ಮೇಲಿ ಬಲೆ ಎಳೆದ. ಸಮ್ಮೇಲಿ ಮದುವೆಯಾಗಲಿಲ್ಲ. ಯುದ್ಧ ಮುಗಿದ ಮೇಲೆ ಸುಟ್ಟುಹೋದ ಊರಿಗೆ ಹಿಂತಿರುಗಿ, ಅಪ್ಪನ ಮನೆಯ ಅಡಿಪಾಯದ ಕಲ್ಲುಗಳ ಮೇಲೆ ತಾನೇ ಮನೆ ಕಟ್ಟಿಕೊಂಡು ಕೂತವನು. ಮಾತು ಕಮ್ಮಿ. ದೋಣಿಯಲ್ಲಿ ಇಡೀ ಬೆಳಗ್ಗೆ ಅವನು ಆಡಿದ ಮಾತನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆಯಬಹುದಿತ್ತು. ಆದರೆ ಮೊದಲ ಹಿಮದ ದಿನ ತಾನೆಲಿಯ ಬೆರಳು ಮರಗಟ್ಟಿದರೆ, ಕೇಳದೆಯೇ ತನ್ನ ಕೈಗವಸು ಕಳಚಿ ಅವನ ಮಡಿಲಿಗೆ ಎಸೆಯುತ್ತಿದ್ದ.

ರೌತಿಗೆ ಮಾತ್ರ ಅವನು ಒಬ್ಬನೇ ಹೋಗುತ್ತಿದ್ದ. ಅದಕ್ಕೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ರೌತು ಇರುವುದು ಆಳದಲ್ಲಿ, ನೀರೊಳಗೆ ಎಲ್ಲೋ ಒಂದು ಕಡೆ ಎದ್ದುನಿಂತ ಕಲ್ಲುದಿಬ್ಬದ ನೆತ್ತಿಯ ಮೇಲೆ. ಆ ದಿಬ್ಬ ಒಂದು ಮನೆಯಷ್ಟೂ ದೊಡ್ಡದಿರುವುದಿಲ್ಲ, ಮೇಲಿನಿಂದ ನೋಡಿದರೆ ಬರೀ ನೀಲಿ ನೀರು. ಅದನ್ನು ಹುಡುಕಲು ದಡದ ಮೇಲೆ ಗುರುತು ಇಟ್ಟುಕೊಂಡಿರಬೇಕು. ಈ ಕಡೆಯ ದಡದಲ್ಲಿ ಒಂದು ಮರ ಹಿಂದಿನ ಯಾವುದೋ ಬೆಟ್ಟದ ಕಣಿವೆಗೆ ಸರಿಯಾಗಿ ಹೊಂದಬೇಕು. ಆ ಕಡೆಯ ದಡದಲ್ಲಿ ಇನ್ನೊಂದು ಬಂಡೆ ಇನ್ನೇನಕ್ಕೋ ಹೊಂದಬೇಕು. ಎರಡೂ ಒಟ್ಟಿಗೆ ಹೊಂದಿದ ಕಡೆ ಹುಟ್ಟು ನಿಲ್ಲಿಸಿ ಗಾಳ ಬಿಟ್ಟರೆ ರೌತು. ಒಬ್ಬನ ಗುರುತನ್ನು ಇನ್ನೊಬ್ಬ ಕೇಳುವುದಿಲ್ಲ. ಅಣ್ಣ ತಮ್ಮನನ್ನು ಕೇಳುವುದಿಲ್ಲ, ಗೆಳೆಯ ಗೆಳೆಯನನ್ನು ಕೇಳುವುದಿಲ್ಲ. ದೂರದಲ್ಲಿ ಯಾರಾದರೂ ದೋಣಿ ನಿಲ್ಲಿಸಿ ಗಾಳ ಬಿಡುತ್ತಿರುವುದು ಕಂಡರೆ ಮರ್ಯಾದಸ್ಥನಾದವನು ಮುಖ ಬೇರೆ ಕಡೆ ತಿರುಗಿಸಿ ಹುಟ್ಟು ಹಾಕುತ್ತಾನೆ. ಸಮ್ಮೇಲಿಗೆ ಆ ಜಾಗ ಅಪ್ಪನಿಂದ ಬಂದಿತ್ತು, ಅಪ್ಪನಿಗೆ ಅವನ ಅಪ್ಪನಿಂದ. ಇಷ್ಟು ಮಾತ್ರ ತಾನೆಲಿಗೆ ಗೊತ್ತಿತ್ತು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ತಾನೆಲಿ ಹಬೆಸ್ನಾನಕ್ಕೆ ಹೊಸ ಸೌನಾ ಕಟ್ಟಲು ಹೊರಟ. ಅಡಿತೊಲೆಗೆ ಕೊಳೆಯದ ಮರ ಬೇಕಿತ್ತು. ಅವನದೇ ಜಮೀನಿನ ತುದಿ, ಪೆಟ್ಟೇರಿ ಮೂಗು ಎಂದು ಕರೆಯುವ ಕಲ್ಲುಚಾಚು, ಸರೋವರದೊಳಕ್ಕೆ ನುಗ್ಗಿಕೊಂಡಿತ್ತು. ಅದರ ನೆತ್ತಿಯ ಮೇಲೆ, ನಿಂತಲ್ಲೇ ಸತ್ತು, ತೊಗಟೆ ಉದುರಿ, ಬೆಳ್ಳಿಯ ಬಣ್ಣಕ್ಕೆ ತಿರುಗಿದ ಒಂದು ಪೈನ್ ಮರವಿತ್ತು. ಅಂಥ ಒಣಮರ ನೂರು ವರ್ಷ ನಿಲ್ಲುತ್ತದೆ, ಕಡಿದು ತೊಲೆ ಮಾಡಿದರೆ ಇನ್ನೂ ನೂರು ವರ್ಷ ಬಾಳುತ್ತದೆ.

ಕಾಫಿಯಲ್ಲಿ ಗಿಣ್ಣಿನ ತುಂಡು ನೆನೆಸುತ್ತ ಕೂತಿದ್ದ ಸಮ್ಮೇಲಿಗೆ ತಾನೆಲಿ ಹೇಳಿದ, "ಮೂಗಿನ ಮೇಲಿರೋ ಒಣಮರ ಉರುಳಿಸ್ತೀನಿ ಕಣೋ. ನಾಳೆ ಬಾ, ಹಗ್ಗ ಹಿಡಿಯೋಕೆ ಒಬ್ಬ ಬೇಕು."

ಸಮ್ಮೇಲಿ ಚಮಚದಿಂದ ಗಿಣ್ಣು ಎತ್ತಿ ಬಾಯಿಗಿಟ್ಟು, ನಿಧಾನವಾಗಿ ಅಗಿದ. "ಅಡಿತೊಲೆಗೆ ಬೇರೆ ಮರ ಸಿಗಲ್ವಾ?"

"ಸಿಗುತ್ತೆ. ಅದರಷ್ಟು ಗಟ್ಟಿ ಇನ್ನೆಲ್ಲಿ?"

"ಹೂಂ. ಮರ ಒಳ್ಳೇದೇ," ಎಂದ ಸಮ್ಮೇಲಿ.

ಮರುದಿನ ಬಂದ. ತಾನೆಲಿ ಗರಗಸದ ಯಂತ್ರ ಹಿಡಿದ, ಸಮ್ಮೇಲಿ ಹಗ್ಗ ಹಿಡಿದು ಸೊಂಟದವರೆಗೆ ಹಿಮದಲ್ಲಿ ಹೂತು ನಿಂತು ಎಳೆದ. ಮರ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಬಿದ್ದ ಮೇಲೆ ಸಮ್ಮೇಲಿ ಆಕಾಶದಲ್ಲಿ ಆ ಮರ ಇದ್ದ ಕಡೆ ಒಂದು ಗಳಿಗೆ ನೋಡಿದ. ಆಮೇಲೆ ಕೊಂಬೆ ಸವರಲು ಕೊಡಲಿ ಎತ್ತಿಕೊಂಡ.

ಆ ಜುಲೈನಲ್ಲಿ ರೌತು ಬರಲಿಲ್ಲ. ಮರುವರ್ಷವೂ ಇಲ್ಲ. "ನಿಂಗೆ ವಯಸ್ಸಾಯ್ತು ಕಣೋ ಮುದುಕ," ಎಂದು ತಾನೆಲಿ ಕೆಣಕಿದ, "ರೌತಿಗೂ ಗೊತ್ತಾಗಿದೆ, ಈ ಮುಖಕ್ಕೆ ಯಾರು ಕಚ್ತಾರೆ ಅಂತ." ಸಮ್ಮೇಲಿ ನಕ್ಕ. ಅವನಿಗಾಗ ಅರವತ್ತೈದು ದಾಟಿತ್ತು, ನಗೆ ಸಹಜವಾಗಿಯೇ ಇತ್ತು. ತಾನೆಲಿ ಅದನ್ನು ನಂಬಿದ.

ಮೂರನೆಯ ಬೇಸಿಗೆಯ ಒಂದು ಬೆಳಗ್ಗೆ ತಾನೆಲಿ ಸೌನಾದ ಹೊರಗೆ ಚಾಚಿದ ಅಡಿತೊಲೆಯ ಮೇಲೆ ಕೂತು ಪೈಪು ತುಂಬಿಸುತ್ತಿದ್ದಾಗ ದೂರ ನೀರಿನಲ್ಲಿ ಸಮ್ಮೇಲಿಯ ದೋಣಿ ಕಂಡಿತು. ಮುಖ ತಿರುಗಿಸಬೇಕಿತ್ತು. ಆದರೆ ದೋಣಿ ನಿಂತಿರಲಿಲ್ಲ. ಹತ್ತು ಹುಟ್ಟು ಮುಂದೆ, ನಾಲ್ಕು ಹುಟ್ಟು ಹಿಂದೆ. ಸಮ್ಮೇಲಿ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ನೀರಿಗೆ ಇಳಿಸುತ್ತಿದ್ದ, ಎತ್ತುತ್ತಿದ್ದ, ಮತ್ತೆ ಹತ್ತು ಹುಟ್ಟು. ಪ್ರತಿ ಸಲ ಕಲ್ಲು ಎತ್ತಿದ ಮೇಲೂ ತಲೆಯೆತ್ತಿ ದಡದ ಕಡೆ, ಒಂದೇ ಕಡೆ, ನೋಡುತ್ತಿದ್ದ. ಅವನು ಎಲ್ಲಿ ನೋಡುತ್ತಿದ್ದಾನೆ ಎಂದು ತಾನೆಲಿಯೂ ತಿರುಗಿ ನೋಡಿದ. ಪೆಟ್ಟೇರಿ ಮೂಗು. ಅದರ ಮೇಲೆ ಕುಳ್ಳ ಬರ್ಚ್ ಮರಗಳ ಸಾಲು, ಎಲ್ಲವೂ ಒಂದೇ ಎತ್ತರ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ತಾನೆಲಿಯ ಪೈಪು ಕೈಯಲ್ಲೇ ಉಳಿಯಿತು. ಅವನು ಕೂತಿದ್ದು ಆ ಒಣಮರದ ಮೇಲೆಯೇ.

ಮೂರನೆಯ ದಿನ ಎದುರು ದಡಕ್ಕೆ ಹೋದ. ಸಮ್ಮೇಲಿ ಬೆಂಚಿನ ಮೇಲೆ ಬಲೆ ಹೊಲಿಯುತ್ತಿದ್ದ.

"ಲೋ ಕತ್ತೆ," ಎಂದ ತಾನೆಲಿ, ನಿಂತಲ್ಲಿಂದಲೇ. "ಆ ಮರಕ್ಕೆ ಹಗ್ಗ ಎಳೆದವನು ನೀನೇ ಅಲ್ವೇನೋ! ಬಾಯಿ ಇರ್ಲಿಲ್ವಾ ನಿಂಗೆ?"

"ಇತ್ತು. ಅದಕ್ಕೇ ಮುಚ್ಕೊಂಡಿದ್ದೆ."

"ಒಂದು ಮಾತು ಬೇಡ ಅಂದಿದ್ರೆ ಬಿಟ್ಟುಬಿಡ್ತಿದ್ದೆ."

"ಯಾಕೆ ಬೇಡ ಅಂತ ಕೇಳ್ತಿದ್ದೆ ನೀನು."

"ಕೇಳ್ತಿರ್ಲಿಲ್ಲ!"

"ಕೇಳ್ತಿರ್ಲಿಲ್ಲ, ಸರಿ. ಆದ್ರೆ ಅದೇ ನನ್ನ ಗುರುತು ಅಂತ ತಿಳ್ಕೊಂಡುಬಿಡ್ತಿದ್ದೆ." ಸಮ್ಮೇಲಿ ಸೂಜಿಯಿಂದ ಕಣ್ಣೆತ್ತಲಿಲ್ಲ. "ಮರ ಇಲ್ದಿದ್ರೂ ಆಳ ನೋಡ್ಕೊಂಡು ಹುಡುಕ್ತೀನಿ ಅಂದ್ಕೊಂಡಿದ್ದೆ. ಐವತ್ತು ವರ್ಷ ಹೋದ ಜಾಗ, ಕಣ್ಣು ಮುಚ್ಚಿದ್ರೂ ಸಿಗುತ್ತೆ ಅಂತ. ಸಿಗ್ಲಿಲ್ಲ."

ತಾನೆಲಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. "ಅಲ್ಲೊಂದು ಕಂಬ ನೆಡ್ತೀನಿ. ಇವತ್ತೇ."

"ಹೂಂ, ನೆಡು. ಮೇಲೊಂದು ಬೋರ್ಡೂ ಬರೆದು ಹಾಕು. ಸುಮ್ಮನೆ ಯಾರಾದ್ರೂ ಬಂಡೆ ಮೇಲೆ ಕಂಬ ನೆಡ್ತಾರಾ? ಒಂದು ವಾರದಲ್ಲಿ ಕೊಲ್ಲಿಯವರೆಲ್ಲಾ ಆ ಗೆರೆ ಮೇಲೆ ಗಾಳ ಹಾಕ್ತಾರೆ."

ಸಮ್ಮೇಲಿ ಬಲೆಯ ಇನ್ನೂ ಮೂರು ಕಣ್ಣು ಹೊಲಿದ. ಆಮೇಲೆ, ಹವೆಯ ಸುದ್ದಿ ಹೇಳುವವನ ಹಾಗೆ, ಹೇಳಿದ. ವಸಂತದಲ್ಲಿ ಡಾಕ್ಟರ ಹತ್ತಿರ ಹೋಗಿದ್ದನಂತೆ. ಎದೆ ಸರಿಯಿಲ್ಲವಂತೆ. ಈ ಬೇಸಿಗೆಯ ನಂತರ ಹುಟ್ಟು ಮುಟ್ಟಬೇಡ ಎಂದಿದ್ದರಂತೆ. "ಒಂದೇ ಒಂದು ಸಲ ಆ ದಿಬ್ಬದ ಮೇಲೆ ದೋಣಿ ನಿಲ್ಲಿಸಿ ಬರ್ಬೇಕು ಅಂತ ಇತ್ತು. ಅಷ್ಟೇ."

ತಾನೆಲಿ ಎದ್ದು ಬಾಗಿಲವರೆಗೆ ಹೋದವನು ಹಿಂತಿರುಗಿದ. "ಭಾನುವಾರ ಎಲ್ಲರೂ ಚರ್ಚಿಗೆ ಹೋಗ್ತಾರೆ. ನಾನೇ ನಿಲ್ತೀನಿ."

"ಎಲ್ಲಿ?"

"ಮರ ಇದ್ದ ಕಡೆ. ನಾನೇ ನಿನ್ನ ಮರ."

ಸಮ್ಮೇಲಿ ಆಗ ಸೂಜಿ ಕೆಳಗಿಟ್ಟ.

ಭಾನುವಾರ ಬೆಳಗ್ಗೆ ತಾನೆಲಿ ಮೂರಾಳುದ್ದದ ಒಂದು ಸ್ಪ್ರೂಸ್ ಮರದ ಕೋಲು ಕಡಿದು, ಅದರ ತುದಿಗೆ ಹೆಲ್ಮಿಯ ಹಾಸಿಗೆಯ ಬಿಳಿ ಹಾಸು ಕಟ್ಟಿದ.

"ಹೊಸಾದು ಅದು!" ಎಂದಳು ಹೆಲ್ಮಿ. "ರಷ್ಯಾದವರಿಗೆ ಶರಣಾದ್ವಿ ಅಂದ್ಕೊಳ್ತಾರೆ ನೋಡಿದವರು. ಏನು ಮಾಡ್ತಿದ್ದೀರಿ ಇಬ್ರೂ ಸೇರಿ?"

"ಬಟ್ಟೆ ಒಣಗಿಸ್ತಾ ಇದ್ದೀನಿ."

"ಮೂವತ್ತೈದು ವರ್ಷದಲ್ಲಿ ಒಂದು ಕಾಲುಚೀಲ ಒಣಗಿಸಿಲ್ಲ ನೀವು," ಎಂದಳು. ಆದರೆ ಬೇರೆ ಹಾಸು ಕೊಡುತ್ತೇನೆ ಎನ್ನಲಿಲ್ಲ.

ಮೂಗಿನ ನೆತ್ತಿಯಲ್ಲಿ ಮೋಟು ಇನ್ನೂ ಬೆಳ್ಳಗಿತ್ತು. ತಾನೆಲಿ ಅದರ ಮೇಲೆ ಹತ್ತಿ ಕೋಲು ಎತ್ತಿ ಹಿಡಿದ. ಕೆಳಗೆ ಸಮ್ಮೇಲಿಯ ದೋಣಿ ದಡ ಬಿಟ್ಟಿತು. ತಾನೆಲಿ ಸರೋವರಕ್ಕೆ ಬೆನ್ನು ತಿರುಗಿಸಿ, ಕಾಡಿನ ಕಡೆ ಮುಖ ಮಾಡಿ ನಿಂತ.

ಹುಟ್ಟಿನ ಸದ್ದು ಬಹಳ ಹೊತ್ತು ಕೇಳಿಸಿತು. ಗಾಳಿಯಿಲ್ಲದ ದಿನ, ನೀರು ಸದ್ದನ್ನು ದೂರದವರೆಗೆ ತರುತ್ತದೆ. ಆಮೇಲೆ ಅದೂ ನಿಂತಿತು. ಎದುರಿಗಿದ್ದದ್ದು ಪಾಚಿ, ಇರುವೆಗಳ ಗೂಡು, ಒಂದು ಬರ್ಚ್ ಮರದ ಗಾಯಗೊಂಡ ತೊಗಟೆ. ಸೊಳ್ಳೆಗಳು ಕಿವಿ, ಕುತ್ತಿಗೆ, ಮಣಿಕಟ್ಟು ಮುತ್ತಿದವು. ಓಡಿಸಲು ಕೈ ಬಿಟ್ಟರೆ ಕೋಲು ವಾಲುತ್ತದೆ, ಕೋಲು ವಾಲಿದರೆ ಅಲ್ಲಿ ನೀರಿನ ಮೇಲೆ ಗೆರೆ ತಪ್ಪುತ್ತದೆ. ಅವನು ಕಚ್ಚಿಸಿಕೊಂಡು ನಿಂತ. ತೋಳು ಸೋತಾಗ ಕೋಲನ್ನು ಹೆಗಲಿಗೆ ಆನಿಸಿಕೊಂಡ. ಮರವಾಗುವುದು ಎಷ್ಟು ಕಷ್ಟದ ಕೆಲಸ ಎಂದು ಒಂದು ಸಲ ನಗು ಬಂತು. ಹೇಳಲು ಯಾರೂ ಇರಲಿಲ್ಲ.

ಒಂದು ಬಾರಿ, ಬಹಳ ದೂರದಿಂದ, ಸಮ್ಮೇಲಿ ಕೂಗಿದ. ಮಾತಲ್ಲ, ದೋಣಿಯಿಂದ ದೋಣಿಗೆ ಕೂಗುವ ಉದ್ದನೆಯ ಓ. ಸಿಕ್ಕಿತು ಎಂದು ತಾನೆಲಿ ತಿಳಿದುಕೊಂಡ. ಕುತ್ತಿಗೆ ತಾನಾಗಿ ಅರ್ಧ ತಿರುಗಿತ್ತು. ಅದನ್ನು ಹಿಂದಕ್ಕೆ ತಂದು ಇರುವೆಗೂಡಿನ ಮೇಲೆ ನೆಟ್ಟ. ಒಂದೇ ನೋಟ ಸಾಕಿತ್ತು. ಬಿಳಿ ಹಾಸಿನ ಕೆಳಗೆ ನಿಂತವನಿಗೆ ಒಂದು ಗೆರೆ ಹೇಗೂ ಗೊತ್ತಿತ್ತು; ದೋಣಿ ಆ ಗೆರೆಯ ಮೇಲೆ ಎಷ್ಟು ದೂರ ನಿಂತಿದೆ ಎಂದು ಕಂಡಿದ್ದರೆ ಉಳಿದದ್ದೂ ಸಿಗುತ್ತಿತ್ತು. ಅವನು ನೋಡಲಿಲ್ಲ. ಕಡಿದ ಮರಕ್ಕೆ ತಾನು ತೆರಬಹುದಾದದ್ದು ಇದೊಂದೇ ಎಂದು ಅವನಿಗೆ ಅನ್ನಿಸಿತ್ತು.

ಮೂರು ಗಂಟೆಯ ಮೇಲೆ ದೋಣಿ ಮರಳಿತು. ತಳದಲ್ಲಿ, ಒದ್ದೆ ಗೋಣಿಯ ಮೇಲೆ, ಎರಡು ರೌತು. ಹೊಟ್ಟೆ ಕೆಂಡದ ಬಣ್ಣ, ರೆಕ್ಕೆಯ ಅಂಚಿಗೆ ಎಳೆದ ಹಾಗೆ ಬಿಳಿ ಗೆರೆ. ಸಮ್ಮೇಲಿಯ ಮುಖ ಬೂದಿಯಂತಾಗಿತ್ತು, ಉಸಿರು ಎಳೆದೆಳೆದು ಬರುತ್ತಿತ್ತು, ಆದರೆ ಅಷ್ಟು ಹಗುರಾಗಿ ಅವನು ಕೂತದ್ದನ್ನು ತಾನೆಲಿ ಯಾವತ್ತೂ ನೋಡಿರಲಿಲ್ಲ. ಅವನು ಒಂದು ಮೀನನ್ನು ಕಿವಿರು ಹಿಡಿದೆತ್ತಿ ತಾನೆಲಿಗೆ ಕೊಟ್ಟ.

"ಮುಖ ನೋಡ್ಕೋ ಹೋಗಿ ಕನ್ನಡೀಲಿ," ಎಂದ. "ಹಿಟ್ಟು ಉಬ್ಬಿದ ಹಾಗೆ ಉಬ್ಬಿದ್ದೀಯ."

"ಮರಕ್ಕೆ ಸೊಳ್ಳೆ ಕಚ್ಚಲ್ಲ, ನಂಗೆ ಕಚ್ಚುತ್ತೆ."

ಸಮ್ಮೇಲಿ ಚಾಕು ನೀರಿನಲ್ಲಿ ಅದ್ದಿ ತೊಳೆದ. "ನೋಡಿದ್ಯಾ?"

"ಇಲ್ಲ."

"ಒಂದ್ಸಲಾನೂ?"

"ನನ್ನ ಏನಂದ್ಕೊಂಡಿದ್ದೀಯೋ?"

ಸಮ್ಮೇಲಿ ಚಾಕುವನ್ನು ಪ್ಯಾಂಟಿಗೆ ಒರೆಸಿದ, ಒರೆಗೆ ಸೇರಿಸಿದ, ಮತ್ತೆ ಹೊರಗೆ ತೆಗೆದು ಇನ್ನೊಮ್ಮೆ ಒರೆಸಿದ.

"ನೋಡಬಹುದಿತ್ತು," ಎಂದ. "ಅದಕ್ಕೇ ಕೂಗಿದ್ದು."

ತಾನೆಲಿ ಮೀನನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಎಂದಿನ ಕೆಣಕು ದನಿಯಲ್ಲೇ, "ಮುಂದಿನ ವರ್ಷ ನೋಡ್ತೀನಿ ಬಿಡು. ನೀನು ಮರ ಆಗು, ನಾನು ದೋಣೀಲಿ ಹೋಗ್ತೀನಿ," ಎಂದ.

"ಆಗಲಿ," ಎಂದ ಸಮ್ಮೇಲಿ.

ಆ ಮೇಲೆ ಅದರ ಮಾತು ಬರಲಿಲ್ಲ. ಕೇಳುವುದು ತಾನೆಲಿಯಿಂದ ಆಗಲಿಲ್ಲ, ಎರಡನೆಯ ಸಲ ಹೇಳುವುದು ಸಮ್ಮೇಲಿಯಿಂದ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಸೀಕದ ಬಲೆ ಇಳಿಸಿದರು; ಆ ವರ್ಷ ಸಮ್ಮೇಲಿ ದಡದಲ್ಲೇ ನಿಂತು ಮೀನು ಬಿಡಿಸಿದ, ಹೆಲ್ಮಿ ದೋಣಿಗೆ ಬಂದಳು. ನವೆಂಬರ್ ಎರಡನೆಯ ವಾರ ಕೊಲ್ಲಿ ಹೆಪ್ಪುಗಟ್ಟಿದ ದಿನ ಅವನ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ. ತಾನೆಲಿ ಎಳೆಯ ಹಿಮದ ಮೇಲೆ, ಕೋಲಿನಿಂದ ಕುಟ್ಟಿ ಕುಟ್ಟಿ ನೋಡುತ್ತ, ಎದುರು ದಡಕ್ಕೆ ನಡೆದ. ಸಮ್ಮೇಲಿ ಹಾಸಿಗೆಯಲ್ಲಿ ಗೋಡೆಯ ಕಡೆ ಹೊರಳಿ ಮಲಗಿದ್ದ.

ಮಣ್ಣಾದ ಮೇಲೆ, ಕಾಫಿಯ ಹೊತ್ತಿನಲ್ಲಿ, ಓಲುವಿನಿಂದ ಬಂದಿದ್ದ ಸಮ್ಮೇಲಿಯ ತಂಗಿಯ ಮಗ ಯಾರ್ಮೊ ಹತ್ತಿರ ಬಂದ. ಪಟ್ಟಣದಲ್ಲಿ ಬೆಳೆದವನು, ನೇರ ಕೇಳಿದ.

"ಮಾವನ ರೌತು ಜಾಗ ಎಲ್ಲಿದೆ? ನಿಮಗೆ ಗೊತ್ತಿರ್ಬೇಕಲ್ಲ."

ಸುತ್ತ ಕೂತವರೆಲ್ಲ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು.

"ಗೊತ್ತಿಲ್ಲಪ್ಪ," ಎಂದ ತಾನೆಲಿ.

ಆ ಮೇಜಿನ ಸುತ್ತ ಕೂತಿದ್ದ ಮುದುಕರ ಮುಖದಲ್ಲಿ ಒಂದು ಮೆಚ್ಚುಗೆ ಹಾದುಹೋಯಿತು. ಒಬ್ಬ ಕಾಫಿಯ ಕೆಟಲನ್ನು ತಾನೆಲಿಯ ಕಡೆ ತಳ್ಳಿದ. ಇನ್ನೊಬ್ಬ ಯಾರ್ಮೊನ ಹೆಗಲು ತಟ್ಟಿ, "ಅವರು ಹೇಳಲ್ಲ ಕಣಪ್ಪ. ಹೇಳೋ ಜನ ಅಲ್ಲ," ಎಂದ.

"ನಿಜವಾಗ್ಲೂ ಗೊತ್ತಿಲ್ಲ," ಎಂದ ತಾನೆಲಿ, ಸ್ವಲ್ಪ ಜೋರಾಗಿಯೇ.

"ಸರಿ, ಸರಿ. ಯಾರೂ ಕೇಳ್ತಿಲ್ಲ ನಿನ್ನ," ಎಂದರು ಅವರು, ಸಮಾಧಾನಪಡಿಸುವ ದನಿಯಲ್ಲಿ.

ಅಂದಿನಿಂದ ಯಾರೂ ಕೇಳಿಲ್ಲ. ಜುಲೈನಲ್ಲಿ ತಾನೆಲಿ ಒಬ್ಬನೇ ದೋಣಿ ಇಳಿಸಿ ಹೊರಟರೆ ಕೊಲ್ಲಿಯ ಬೇರೆ ದೋಣಿಗಳವರು, ಮರ್ಯಾದೆಯಿಂದ, ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾರೆ. ಅವನು ಕಲ್ಲು ಕಟ್ಟಿದ ಹಗ್ಗವನ್ನು ಆಳಕ್ಕೆ ಬಿಟ್ಟು, ಹತ್ತು ಹುಟ್ಟು ಮುಂದೆ, ನಾಲ್ಕು ಹುಟ್ಟು ಹಿಂದೆ ಹೋಗುತ್ತಿರುವುದು ಹಾಗಾಗಿ ಯಾರಿಗೂ ಕಾಣುವುದಿಲ್ಲ.